ದುರ್ಗಿಯ ತೂಕ

ನಮ್ಮ ಮನೆಯ ಎದುರಿಗೇ ಅಂಗನವಾಡಿ. ಮೂವತ್ತೈದು ವರ್ಷ ಮಾಸ್ತರಿಕೆ ಮಾಡಿ ಸಾಕಾಗಿ, ಇನ್ನಾದರೂ ಹುಡುಗರ ಗದ್ದಲದಿಂದ ದೂರ ಇರೋಣವೆಂದು ಶಿಗ್ಗಾಂವದ ಅಂಚಿನಲ್ಲಿ ಜಾಗ ಹುಡುಕಿ ಮನೆ ಕಟ್ಟಿಸಿದೆ. ಗೃಹಪ್ರವೇಶವಾಗಿ ವರ್ಷವಾಗಿರಲಿಲ್ಲ, ಸರ್ಕಾರ ನನ್ನನ್ನೇ ಹುಡುಕಿಕೊಂಡು ಬಂದಂತೆ ಎದುರಿಗೆ ಅಂಗನವಾಡಿ ಕಟ್ಟಿತು. ಈಗ ಬೆಳಗಿನ ಪೇಪರನ್ನು ನಾನು ಇಪ್ಪತ್ತು ಮಕ್ಕಳ ಅಳುವಿನೊಡನೆ ಓದುತ್ತೇನೆ. ಬೈದುಕೊಳ್ಳುತ್ತಲೇ ರೂಢಿಯಾಗಿದೆ ಅನ್ನಿ. ರಜೆಯ ದಿನ ಗದ್ದಲವಿಲ್ಲದಿದ್ದರೆ ಪೇಪರಿನ ಅಕ್ಷರ ತಲೆಗೇ ಹತ್ತುವುದಿಲ್ಲ.

ಹೋದ ವಾರ ಮೊಮ್ಮಗಳನ್ನು ತೂಗಿಸಲು ಸೊಸೆ ಅಲ್ಲಿಗೆ ಹೊರಟಳು. ಜಿಟಿಜಿಟಿ ಮಳೆ. ಛತ್ರಿ ಹಿಡಿಯಲು ಒಬ್ಬರು ಬೇಕಲ್ಲ, ನಾನೂ ಹೋದೆ. ಅಂಗನವಾಡಿಯ ಟೀಚರು ಚುರುಕಿನ ಹೆಣ್ಣುಮಗಳು. ಕೂಸನ್ನು ಎತ್ತಿಕೊಂಡವಳು ತೂಕದ ಯಂತ್ರದ ಮೇಲೆ ಇಡುವ ಮೊದಲು ಫ್ರಾಕಿನ ಒಳಗೆ ಕೈ ಆಡಿಸಿ, ಉಡದಾರಕ್ಕೆ ಕಟ್ಟಿದ್ದ ಗೇಣುದ್ದದ ಒಂದು ಹಳೆಯ ಬೀಗದ ಕೈಯನ್ನು ಹೊರಗೆ ತೆಗೆದಳು.

"ಯಾರ್ರಿ ಇದನ್ನ ಕಟ್ಟಿದವರು?"

"ನಮ್ಮವ್ವ ರೀ. ದೃಷ್ಟಿ ಆಗಬಾರದು, ಮೈಮ್ಯಾಲ ಒಂದು ಕಬ್ಬಿಣ ಇರಲಿ ಅಂತ..." ಸೊಸೆ ನಾಚಿಕೊಂಡಳು.

"ಇರಲಿ ತಗೋರಿ, ತಪ್ಪಿಲ್ಲ. ತೂಗಿದ ಮ್ಯಾಲ ಮತ್ತ ಕಟ್ಟಿಕೊಳ್ರಿ. ಈಗ ಇದು ಮೈಮ್ಯಾಲ ಇದ್ರ ತೂಕ ತಪ್ಪು ಬರ್ತೈತ್ರಿ."

ಅಲ್ಲಿದ್ದ ಹೆಂಗಸರೆಲ್ಲ ನಕ್ಕರು. ಸೊಸೆಯೂ ನಕ್ಕಳು. ಬೀಗದ ಕೈ ಮೇಜಿನ ಮೇಲೆ ಕೂತಿತು, ಕೂಸು ತಕ್ಕಡಿಯಲ್ಲಿ ಕೂತಿತು, ತೂಕ ಬರೆದದ್ದಾಯಿತು, ಬೀಗದ ಕೈ ಮತ್ತೆ ಉಡದಾರಕ್ಕೆ ಹೋಯಿತು. ಎಲ್ಲ ಸೇರಿ ಒಂದು ನಿಮಿಷದ ಕೆಲಸ. ನಾನು ಮಾತ್ರ ಅಲ್ಲಿದ್ದ ಮಕ್ಕಳ ಬೆಂಚಿನ ಮೇಲೆ ಕೂತುಬಿಟ್ಟೆ. "ಮಾವಾರ, ಬಿಪಿ ಗುಳಿಗಿ ತಗೊಂಡಿಲ್ಲೇನ್ರಿ?" ಎಂದು ಸೊಸೆ ಗಾಬರಿಯಾದಳು. ಗುಳಿಗೆ ತೆಗೆದುಕೊಂಡಿದ್ದೆ. ಅದು ಗುಳಿಗೆಗೆ ಬಗ್ಗುವ ಸಂಕಟವಾಗಿರಲಿಲ್ಲ. ಆ ಟೀಚರು ನಗುನಗುತ್ತ ಆಡಿದ ಆ ಒಂದು ಮಾತನ್ನು ನಾನು ಇಪ್ಪತ್ತಮೂರನೆಯ ವಯಸ್ಸಿನಲ್ಲಿ ಆಡಬೇಕಾಗಿತ್ತು. ಆಡಲಿಲ್ಲ. ಅದನ್ನೇ ನಿಮಗೆ ಹೇಳಬೇಕೆಂದು ಕೂತಿದ್ದೇನೆ.

ತುರ್ತು ಪರಿಸ್ಥಿತಿ ಮುಗಿದ ಮರುವರ್ಷದ ಮಾತು. ನಾನು ಧಾರವಾಡದಲ್ಲಿ ಬಿ.ಎ. ಮುಗಿಸಿ, ನೌಕರಿ ಸಿಗದೆ, ಊರಿನಲ್ಲಿ ಇಸ್ತ್ರಿ ಅಂಗಿ ಹಾಕಿಕೊಂಡು ತಿರುಗುತ್ತಿದ್ದೆ. ಊರೆಂದರೆ ಹತ್ತಿಮತ್ತೂರಿನಿಂದ ಗಾಡಿದಾರಿಯಲ್ಲಿ ಒಂದು ತಾಸು. ಅಪ್ಪನಿಗೆ ಹೊಲ ಮನೆ ಚೆನ್ನಾಗಿದ್ದವು, ಆದ್ದರಿಂದ ನನ್ನ ಸೋಮಾರಿತನಕ್ಕೆ ಊರು 'ವಿದ್ಯಾವಂತ' ಎಂದು ಹೆಸರಿಟ್ಟಿತ್ತು. ಸಣ್ಣ ಸಾವ್ಕಾರ್ರು ಇಂಗ್ಲಿಷ್ ಪೇಪರು ಓದುತ್ತಾರೆ ಎಂಬುದು ನಾಲ್ಕು ಹಳ್ಳಿಗೆ ಗೊತ್ತಿತ್ತು. ನಾನೂ ಅದು ಗೊತ್ತಾಗುವಂತೆಯೇ, ಹತ್ತಿಮತ್ತೂರಿನಲ್ಲಿ ಬಸ್ ನಿಲ್ಲುವ ಜಾಗದಲ್ಲಿ ನಿಂತು ಓದುತ್ತಿದ್ದೆ.

ಆಗ ಒಂದು ಸೇವಾ ಸಂಸ್ಥೆ ನಮ್ಮ ಕಡೆಯ ಹಳ್ಳಿಗಳಲ್ಲಿ ಸೊರಗಿದ ಮಕ್ಕಳಿಗೆ ಹಾಲಿನ ಪುಡಿ ಕೊಡುವ ಕೆಲಸ ಹಿಡಿದಿತ್ತು. ಡಬ್ಬಿಗಳು ಲಾರಿಯಲ್ಲಿ ಶಿಗ್ಗಾಂವಕ್ಕೆ ಬಂದು, ಅಲ್ಲಿಂದ ಎತ್ತಿನ ಚಕ್ಕಡಿಯಲ್ಲಿ ಹಳ್ಳಿ ಸೇರುತ್ತಿದ್ದವು. ಕೆಲಸ ಮಾಡುವವರು ಹೊರದೇಶದ ಹುಡುಗ ಹುಡುಗಿಯರು. ಸಂಬಳವಿಲ್ಲ, ತಾವಾಗಿಯೇ ಬಂದವರು. ನಮ್ಮೂರಿಗೆ ಬಂದವಳು ಡೆನ್ಮಾರ್ಕಿನ ಹುಡುಗಿ. ಯಲವಿಗಿ ಸ್ಟೇಷನ್ನಿನಿಂದ ಅವಳನ್ನು ಕರೆತರಲು, ಅವಳ ಮಾತನ್ನು ನಮ್ಮ ಜನಕ್ಕೆ ತಿಳಿಸಲು ಊರ ಹಿರಿಯರು ನನ್ನನ್ನು ಗೊತ್ತುಮಾಡಿದರು. ರೈಲು ಇಳಿದವಳು ಬೆನ್ನಿಗೆ ಒಂದು ಚೀಲ, ಕೈಯಲ್ಲಿ ಒಂದು ಮರದ ಪೆಟ್ಟಿಗೆ ಹಿಡಿದಿದ್ದಳು. ಪೆಟ್ಟಿಗೆ ನಾನು ಹಿಡಿಯುತ್ತೇನೆಂದರೆ ಕೊಡಲಿಲ್ಲ. ಅದರಲ್ಲಿ ಕೂಸುಗಳನ್ನು ತೂಗುವ ಸ್ಪ್ರಿಂಗಿನ ತಕ್ಕಡಿ ಇತ್ತು.

ಅವಳ ಹೆಸರು ಕರೆನ್. ಆ ಹೆಸರು ನಮ್ಮೂರ ಬಾಯಲ್ಲಿ ಎರಡು ದಿನವೂ ಬಾಳಲಿಲ್ಲ, ಮೂರನೆಯ ದಿನಕ್ಕೆ ಕರೆವ್ವ ಆಯಿತು. ಹಾಲಿನ ಬಣ್ಣದವಳಿಗೆ ಕರೆವ್ವ ಎನ್ನುವುದರಲ್ಲಿ ಯಾರಿಗೂ ಏನೂ ತಪ್ಪು ಕಾಣಲಿಲ್ಲ. ಕರೆವ್ವ ಚಾವಡಿಯ ಪಕ್ಕದ ಕೋಣೆಯಲ್ಲಿ ಇದ್ದಳು. ಜೋಳದ ರೊಟ್ಟಿಯನ್ನು ಒಂದೇ ವಾರದಲ್ಲಿ ಕಲಿತಳು, ಸವಣೂರು ಖಾರಾ ತಿಂದು ಕಣ್ಣಲ್ಲಿ ನೀರು ಸುರಿಸುತ್ತಲೇ ಮತ್ತೊಂದು ಹಿಡಿ ಕೇಳಿದಳು. "ಬರ್ರಿ", "ಕುಂದರ್ರಿ" ಎಂದು ಎರಡು ಮಾತು ನಾನೇ ಕಲಿಸಿದ್ದೆ. ಅವಳು ಅದನ್ನು ಎಲ್ಲರಿಗೂ ಅಂದಳು. ಊರ ಗೌಡರಿಗೂ ಅಂದಳು, ಕೇರಿಯಿಂದ ಬಂದು ದೂರ ನಿಲ್ಲುತ್ತಿದ್ದ ಹೆಂಗಸರಿಗೂ ಅಂದಳು. "ಕುಂದರ್ರಿ ಅಂತಾಳ ನೋಡವಾ ನಮಗ!" ಎಂದು ಅವರು ಸೆರಗು ಬಾಯಿಗೆ ಹಿಡಿದು ನಗುತ್ತಿದ್ದರು. ನಾನು ಅವರಿಗೆ ಹಾಗೆ ಅಂದವನಲ್ಲ. ಏಕವಚನದಲ್ಲಿ "ಕುಂದರಬೇ" ಎನ್ನುತ್ತಿದ್ದೆ. ಅದರಲ್ಲೂ ನನಗೆ ಆಗ ಏನೂ ತಪ್ಪು ಕಂಡಿರಲಿಲ್ಲ.

ಈಗ ನನ್ನ ಸುಳ್ಳುಗಳ ವಿಷಯಕ್ಕೆ ಬರುತ್ತೇನೆ. ಅವಳು ಕಣ್ಣಿಗೆ ಬಿದ್ದದ್ದನ್ನೆಲ್ಲ ಕೇಳುವ ಹುಡುಗಿ. ನಾನು ನನ್ನ ಊರಿನ ಮಾನ ಕಾಯುವ ಗುತ್ತಿಗೆ ಹಿಡಿದವನು. "ಆ ಹೆಂಗಸರು ಯಾಕೆ ಬೇರೆ ಕೂರುತ್ತಾರೆ?" ಎಂದು ಕೇಳಿದಳು. "ಆ ಕಡೆ ನೆರಳು ಹೆಚ್ಚು," ಎಂದೆ. ಕೇರಿಯ ಕೂಸುಗಳನ್ನು ಎತ್ತಿ ತಕ್ಕಡಿಗೆ ಹಾಕುತ್ತಿದ್ದವನು ನಾನೇ ಆದ್ದರಿಂದ ಅವ್ವ ನನ್ನನ್ನು ಮನೆಯೊಳಗೆ ಬಿಡುವ ಮೊದಲು ಹಿತ್ತಲಲ್ಲೇ ತಲೆಯ ಮೇಲೆ ನೀರು ಹೊಯ್ಯುತ್ತಿದ್ದಳು. ಒದ್ದೆ ತಲೆ ನೋಡಿ "ಮತ್ತೆ ಸ್ನಾನವೇ?" ಎಂದು ಕರೆವ್ವ ಕೇಳಿದರೆ "ಬಿಸಿಲು" ಎಂದೆ. ಮಕ್ಕಳ ಕೆನ್ನೆಯ ಮೇಲಿನ ಕಪ್ಪು ಬೊಟ್ಟು ತೋರಿಸಿ, "ಇದೇನಾದರೂ ನಂಬಿಕೆಯೋ?" ಎಂದಳು. "ಛೇ, ಚಂದಕ್ಕೆ! ಮೂಢನಂಬಿಕೆ ಏನಿದ್ದರೂ ಹಾನಗಲ್ಲಿನ ಕಡೆ. ನಮ್ಮಲ್ಲಿ ಅವೆಲ್ಲ ಹೋಗಿ ಬಹಳ ಕಾಲವಾಯಿತು," ಎಂದುಬಿಟ್ಟೆ. ಹಾನಗಲ್ಲಿನವರು ನನಗೆ ಏನು ಅನ್ಯಾಯ ಮಾಡಿದ್ದರೋ ದೇವರಿಗೇ ಗೊತ್ತು.

ಸುಳ್ಳಿಗೆ ಇನ್ನೊಂದು ಕಾರಣವೂ ಇತ್ತು. ಅದನ್ನು ಮುಚ್ಚಿಟ್ಟರೆ ಇಷ್ಟು ಬರೆದದ್ದೂ ದಂಡ. ಆ ಸಂಸ್ಥೆಯವರು ಒಳ್ಳೆಯ ಸಹಾಯಕನೊಬ್ಬನನ್ನು ಆರಿಸಿ ಒಂದು ವರ್ಷ ತಮ್ಮ ದೇಶಕ್ಕೆ ಕರೆಸಿಕೊಂಡು ತರಬೇತಿ ಕೊಡುತ್ತಾರಂತೆ, ಅಲ್ಲಿನ ಅನಾಥ ಮಕ್ಕಳ ಮನೆಯಲ್ಲಿ ಕೆಲಸ ಕಲಿಸುತ್ತಾರಂತೆ ಎಂದು ಕರೆವ್ವ ಹೇಳಿದ್ದಳು. "ನಿನ್ನ ಹೆಸರು ಬರೆಯುತ್ತೇನೆ. ನಿನ್ನ ಊರು ಇಷ್ಟು ಮುಂದುವರಿದದ್ದು ನೋಡಿ ಅವರಿಗೂ ಸಂತೋಷವಾಗುತ್ತದೆ," ಎಂದಳು. ಅವತ್ತಿನಿಂದ ನನಗೆ ನೆಲ ಕಾಣಲಿಲ್ಲ. ಆಕಾಶದಲ್ಲಿ ವಿಮಾನ ಹೋದರೆ ಅದರ ಕಿಟಕಿಯಲ್ಲಿ ನಾನೇ ಕೂತಂತೆ ಕಾಣುತ್ತಿತ್ತು. ಇನ್ನು ಊರಿನ ಮರ್ಯಾದೆ ಮಾತ್ರವಲ್ಲ, ನನ್ನ ವಿಮಾನವೂ ಆ ಸುಳ್ಳಿನ ಮೇಲೆ ನಿಂತಿತು.

ತೂಗುವುದು ಹದಿನೈದು ದಿನಕ್ಕೊಮ್ಮೆ, ಸೋಮವಾರ. ಸೋಮವಾರ ನಮ್ಮ ಕಡೆ ಎತ್ತು ಹೂಡುವುದಿಲ್ಲ, ಹೆಂಗಸರಿಗೆ ಹೊಲದ ಕೆಲಸ ಕಡಿಮೆ. ಚಾವಡಿಯ ತೊಲೆಗೆ ತಕ್ಕಡಿ ಕಟ್ಟಿ, ಅದರ ಕೊಂಡಿಗೆ ಚಡ್ಡಿಯಂಥ ಬಟ್ಟೆಯ ಜೋಳಿಗೆ ಸಿಕ್ಕಿಸಿ, ಕೂಸನ್ನು ಅದರಲ್ಲಿ ಇಳಿಬಿಡಬೇಕು. ಮುಳ್ಳು ತೋರಿಸಿದ ತೂಕವನ್ನು ನಾನು ಗಟ್ಟಿಯಾಗಿ ಕೂಗಬೇಕು. ಕರೆವ್ವ ಆ ಕೂಸಿನ ಚೀಟಿಯ ಮೇಲೆ ಪೆನ್ಸಿಲ್ಲಿನಿಂದ ಚುಕ್ಕೆ ಇಟ್ಟು ಗೆರೆ ಎಳೆಯುತ್ತಾಳೆ. ಚೀಟಿಯ ಮೇಲೆ ಮೊದಲೇ ಒಂದು ಕೆಂಪು ಗೆರೆ ಇದೆ. ಚುಕ್ಕೆ ಅದರ ಕೆಳಗೆ ಬಿದ್ದರೆ ಆ ಕೂಸಿಗೆ ದಿನಾ ಬೆಳಿಗ್ಗೆ ಎರಡು ಬಟ್ಟಲು ಹಾಲು, ಬೆಲ್ಲ ಎಣ್ಣೆ ಕದಡಿದ್ದು. ಮೇಲೆ ಬಿದ್ದರೆ ಇಲ್ಲ. ಡಬ್ಬಿಗಳು ಕಡಿಮೆ, ಸೊರಗಿದ ಕೂಸುಗಳು ಬಹಳ. ಅವಳಾದರೂ ಏನು ಮಾಡಿಯಾಳು? ಬಟ್ಟೆ ಬಿಚ್ಚಿ ತೂಗಬೇಕೆಂದು ಅವಳು ಹೇಳಿದಳು. ತಾಯಂದಿರು ಒಪ್ಪಲಿಲ್ಲ. "ಒಂದು ಅಂಗಿಯ ತೂಕ ಎಷ್ಟು ಮಹಾ?" ಎಂದು ನಾನೇ ಅವಳನ್ನು ಒಪ್ಪಿಸಿದೆ.

ಮೊದಲ ಸಲ ತೂಗಿದ ಮರುದಿನವೇ ನಮ್ಮಕ್ಕನ ಕೂಸಿಗೆ ಜ್ವರ ಬಂತು. ಅಕ್ಕ ಬಾಣಂತನ ಮುಗಿಸಿ ಇನ್ನೂ ತವರಿನಲ್ಲೇ ಇದ್ದಳು. ಊರಿಗೆ ಮಾದರಿಯಾಗಲಿ ಎಂದು ಆ ಕೂಸನ್ನು ಎಲ್ಲರಿಗಿಂತ ಮೊದಲು ತೂಗಿದವನು ನಾನು. ಅವ್ವ ನನ್ನ ಜನ್ಮ ಜಾಲಾಡಿದಳು.

"ಕೂಸಂದ್ರ ಏನು ಬೆಲ್ಲದ ಪೆಂಟಿ ಅನಕೊಂಡೀಯೇನೋ? ತಕ್ಕಡ್ಯಾಗ ತೂಗಿ, ನಾಕು ಮಂದಿ ಮುಂದ ಇಷ್ಟ ಐತಿ ಅಂತ ಒದರತೀಯಲ್ಲ, ದೃಷ್ಟಿ ತಾಗದ ಇರ್ತೈತೇನು? ನಿನ್ನ ಬಿ.ಎ. ಸುಡ್ಲಿ!"

ಜ್ವರ ಎರಡು ದಿನಕ್ಕೆ ಇಳಿಯಿತು. ಆದರೆ ಅವ್ವನ ಮಾತು ಬಾವಿಯ ಕಟ್ಟೆಯಿಂದ ಹೊರಟು ಕೇರಿಯವರೆಗೂ ಹೋಯಿತು. ಇನ್ನು ಮುಂದೆ ತೂಗಿಸಲು ಹೋಗುವಾಗ ಕೂಸಿನ ಮೈಮೇಲೆ ಒಂದು ಕಬ್ಬಿಣ ಇರಲಿ ಎಂಬುದೇ ಆ ಮಾತು. ಕಬ್ಬಿಣವಿದ್ದರೆ ಕೆಟ್ಟ ಕಣ್ಣು ತಾಗುವುದಿಲ್ಲವಲ್ಲ. ಕರೆವ್ವನ ಮನಸ್ಸು ನೋಯಬಾರದು, ಹಾಲೂ ಬೇಕು, ಕೂಸೂ ಉಳಿಯಬೇಕು. ನಮ್ಮೂರ ಹೆಂಗಸರು ಬಹಳ ವಿಚಾರ ಮಾಡಿ ಕಂಡುಕೊಂಡ ಉಪಾಯ ಅದು. ಯಾರಿಗೂ ಹೇಳದೆ, ಅಂಗಿಯ ಒಳಗೆ, ಉಡದಾರಕ್ಕೆ.

ಮುಂದಿನ ತೂಕದ ಸೋಮವಾರ ಕೂಸುಗಳನ್ನು ಎತ್ತುತ್ತ ಹೋದೆ. ಮೊದಲನೆಯದರ ಸೊಂಟದಲ್ಲಿ ಬೀಗ. ಎರಡನೆಯದಕ್ಕೆ ಎತ್ತಿನ ಲಾಳ. ಒಂದಕ್ಕೆ ಅಡಕತ್ತರಿಯ ಅರ್ಧ. ನನ್ನ ಅಂಗೈಗೆ ಒಂದೊಂದೂ ತಣ್ಣಗೆ ಹತ್ತುತ್ತಿತ್ತು. ನಮ್ಮಕ್ಕನ ಕೂಸಿಗೆ ಅವ್ವ ನಮ್ಮ ಕಾಳಿನ ಕೋಣೆಯ ಕೀಲಿಯನ್ನೇ ಕಟ್ಟಿ ಕಳಿಸಿದ್ದಳು. ಏನು ಮಾಡಲಿ? "ನಮ್ಮಲ್ಲಿ ಮೂಢನಂಬಿಕೆ ಇಲ್ಲ" ಎಂದವನ ಮನೆಯ ಕೀಲಿ ಆ ತಕ್ಕಡಿಯಲ್ಲಿ ತೂಗುತ್ತಿತ್ತು. ಮುಳ್ಳು ಏನು ತೋರಿಸಿತೋ ಅದನ್ನೇ ಕೂಗಿದೆ.

ಕೊನೆಗೆ ನೀಲವ್ವ ಬಂದಳು. ಕೇರಿಯ ಹೆಣ್ಣುಮಗಳು, ಇಪ್ಪತ್ತೋ ಇಪ್ಪತ್ತೊಂದೋ ವಯಸ್ಸು. ನಮ್ಮ ಹೊಲದಲ್ಲಿ ಕಳೆ ತೆಗೆಯಲು ಬರುತ್ತಿದ್ದಳು. ಅವಳ ಚೊಚ್ಚಲ ಕೂಸು ಹೋಗಿತ್ತು. ಇದು ಎರಡನೆಯದು, ದುರ್ಗಿ. ಹನ್ನೊಂದು ತಿಂಗಳು ತುಂಬಿದ್ದರೂ ಐದು ತಿಂಗಳ ಕೂಸಿನಂತಿತ್ತು. ಕಣ್ಣು ಮಾತ್ರ ದೊಡ್ಡವು, ಯಾರು ಎತ್ತಿದರೂ ಅಳದೆ ಅವರ ಅಂಗಿಯ ಗುಂಡಿ ಹಿಡಿದುಕೊಳ್ಳುವ ರೂಢಿ. ಮೊದಲ ಸಲ ತೂಗಿದಾಗ ಐದೂವರೆ ಕಿಲೋ, ಕೆಂಪು ಗೆರೆಯ ಕೆಳಗೆ. ಹದಿನೈದು ದಿನದಿಂದ ಹಾಲು ಕುಡಿಯುತ್ತಿತ್ತು, ಸ್ವಲ್ಪ ಗೆಲುವಾಗಿತ್ತು ಕೂಡ.

ಎತ್ತಿದೆ. ಕೈಗೆ ಹತ್ತಿದ್ದು ಕೀಲಿಯಲ್ಲ, ಲಾಳವಲ್ಲ. ಬೆಳೆಸಾಲಿನ ಕಳೆಗೆ ಎಡೆ ಹೊಡೆಯುವ ಕುಂಟೆಗೆ ಕಬ್ಬಿಣದ ಅಲಗು ಇರುತ್ತದಲ್ಲ, ಅದರ ಮುರಿದ ತುಂಡು, ಅರಿವೆಯಲ್ಲಿ ಸುತ್ತಿದ್ದು, ಅಂಗೈಗಿಂತ ದೊಡ್ಡದು. ಒಂದು ಕೂಸನ್ನು ಕಳೆದುಕೊಂಡ ತಾಯಿ ಎಲ್ಲರಿಗಿಂತ ದೊಡ್ಡ ಕಬ್ಬಿಣ ಹುಡುಕಿ ತಂದಿದ್ದಳು. ನಾನು ನೀಲವ್ವನ ಮುಖ ನೋಡಿದೆ. ಅವಳು ನನ್ನ ಮುಖ ನೋಡಿ ತಲೆ ತಗ್ಗಿಸಿದಳು. ದುರ್ಗಿ ನನ್ನ ಗುಂಡಿ ಹಿಡಿದುಕೊಂಡಿತ್ತು, ಬಿಡಿಸಿ ಜೋಳಿಗೆಯಲ್ಲಿ ಇಳಿಸಿದೆ. ಕರೆವ್ವ ಪೆನ್ಸಿಲ್ ಹಿಡಿದು ಕಾಯುತ್ತಿದ್ದಳು.

"ಆರೂ ಕಾಲು," ಎಂದು ಕೂಗಿದೆ.

ಕರೆವ್ವನಿಗೆ ಆದ ಸಂತೋಷ ನೀವು ನೋಡಬೇಕಿತ್ತು. ಒಂದಲ್ಲ ಎರಡಲ್ಲ, ಎಲ್ಲ ಕೂಸುಗಳೂ ಏರಿದ್ದವು! ತನ್ನ ಹಾಲು ಹದಿನೈದು ದಿನದಲ್ಲಿ ಇಷ್ಟು ಕೆಲಸ ಮಾಡಿತೆಂದು ಚಪ್ಪಾಳೆ ತಟ್ಟಿದಳು, ದುರ್ಗಿಯನ್ನು ಎತ್ತಿ ಒಂದು ಸುತ್ತು ತಿರುಗಿದಳು. ಇಷ್ಟು ಬೇಗ ಏರಲು ಹೇಗೆ ಸಾಧ್ಯ ಎಂದು ಅವಳಿಗೂ ಒಂದು ಕ್ಷಣ ಅನುಮಾನ ಬಂದಿರಬೇಕು, ನನ್ನ ಕಡೆ ತಿರುಗಿ "ಸರಿಯಾಗಿ ನೋಡಿದೆಯಾ?" ಎಂದು ಕೇಳಿದಳು. "ಸರಿಯಾಗಿಯೇ ಇದೆ" ಎಂದೆ. ದುರ್ಗಿಯ ಚುಕ್ಕೆ ಕೆಂಪು ಗೆರೆಯ ಮೇಲೆ ಬಿತ್ತು. ಅವಳ ಪಾಲಿನ ಹಾಲು ಇನ್ನೊಂದು ಕೂಸಿಗೆ ಹೋಯಿತು.

ಮರುದಿನ ಬೆಳಿಗ್ಗೆ ಹಾಲಿಗೆ ಬಂದ ನೀಲವ್ವ ಬರಿ ಬಟ್ಟಲು ಹಿಡಿದು ನಿಂತಿದ್ದಳು.

"ಹಾಲು ಯಾಕ ಬ್ಯಾಡಂದ್ರಿ ಸಣ್ಣ ಸಾವ್ಕಾರ್ರ?"

"ನಿನ್ನ ಕೂಸು ದಪ್ಪ ಆಗೇತಿ ನೀಲವ್ವಾ. ಇನ್ನ ಅದಕ್ಕ ಬೇಕಾಗಿಲ್ಲಂತ."

"ದಪ್ಪ ಆಗೇತೇನ್ರಿ?" ಎಂದು ಅವಳು ಕಂಕುಳಿನ ಕೂಸನ್ನು ನೋಡಿದಳು, ಅದರ ತೋಳು ಮುಟ್ಟಿ ನೋಡಿದಳು. ಮತ್ತೆ ಮುಖ ಅರಳಿಸಿ, "ಆಗಿರಬೇಕ್ರಿ. ನನಗೇನು ತಿಳೀತೈತಿ," ಎಂದು ನಗುತ್ತ ಹೋದಳು. ಆ ನಗು ನನಗೆ ಈಗಲೂ ನೆನಪಿದೆ, ನೆನಪಾಗಬಾರದ ಹೊತ್ತಿನಲ್ಲೆಲ್ಲ ಬರುತ್ತದೆ.

ನಾನು ಅಂದುಕೊಂಡದ್ದು ಇಷ್ಟು. ಇನ್ನು ಎರಡು ತೂಕ ಕಳೆಯಲಿ, ಕರೆವ್ವ ನನ್ನ ಹೆಸರು ಬರೆದು ಕಳಿಸಲಿ, ಆಮೇಲೆ ಹೇಗೋ ಹೇಳಿದರಾಯಿತು. ಅಥವಾ ನೀಲವ್ವನಿಗೇ ಗುಟ್ಟಾಗಿ ಮುಂದಿನ ಸಲ ಕಬ್ಬಿಣ ತೆಗೆದು ಬಾ ಎಂದರಾಯಿತು. ಅದನ್ನೂ ಹೇಳಲಿಲ್ಲ ನೋಡಿ. ಹೇಳಿದರೆ ಒಮ್ಮೆಗೇ ತೂಕ ಇಳಿಯುತ್ತದೆ, ಕರೆವ್ವ ಯಾಕೆಂದು ಕೇಳುತ್ತಾಳೆ. ಮುಂದಿನ ಸಲ ತೂಗಿದಾಗ, ಕಬ್ಬಿಣವೂ ಸೇರಿ, ಮುಳ್ಳು ಚೂರು ಕೆಳಗೆ ನಿಂತಿತು. "ಆರೂ ಕಾಲು" ಎಂದೇ ಕೂಗಿದೆ. ಈ ಸಲದ್ದು ಮುಳ್ಳಿನ ತಪ್ಪಲ್ಲ. ನನ್ನ ಬಾಯಿಯದೇ.

ಮೃಗಶಿರೆಯ, ನಮ್ಮವರ ಬಾಯಲ್ಲಿ ಮಿರಗದ, ಮಳೆ ಹಿಡಿಯಿತು. ಹೊಸ ನೀರು, ಊರೆಲ್ಲ ವಾಂತಿಭೇದಿ. ಮೈಯಲ್ಲಿ ಕಸುವಿದ್ದ ಕೂಸುಗಳು ನಾಲ್ಕು ದಿನ ನರಳಿ ಎದ್ದವು. ದುರ್ಗಿ ಏಳಲಿಲ್ಲ. ಹಾಲು ಕುಡಿದಿದ್ದರೆ ಉಳಿಯುತ್ತಿತ್ತೋ ಇಲ್ಲವೋ ಎಂದು ನನ್ನನ್ನು ಸಮಾಧಾನ ಮಾಡಲು ಹೊರಟವರು ಕೇಳಬಹುದು. ನಾನೂ ಎಷ್ಟೋ ವರ್ಷ ಹಾಗೆಯೇ ಕೇಳಿಕೊಂಡು ಸಮಾಧಾನ ಪಟ್ಟಿದ್ದೇನೆ. ಆದರೆ ಕೆಂಪು ಗೆರೆಯ ಕೆಳಗಿದ್ದು ದಿನಾ ಹಾಲು ಕುಡಿದ ಐದು ಕೂಸುಗಳಲ್ಲಿ ಐದೂ ಉಳಿದವು.

ಸುದ್ದಿ ಕೇಳಿ ಕರೆವ್ವ ಮಳೆಯಲ್ಲೇ ಕೇರಿಗೆ ಓಡಿದಳು. ಹಿಂದೆ ನಾನು. ಗುಡಿಸಲ ಮುಂದೆ ನೀಲವ್ವ ಕೂಸನ್ನು ತೊಡೆಯ ಮೇಲೆ ಇಟ್ಟುಕೊಂಡು ಕೂತಿದ್ದಳು. ಅಳುತ್ತಿರಲಿಲ್ಲ. ಕರೆವ್ವ ಅವಳ ಪಕ್ಕ ಕೆಸರಿನಲ್ಲೇ ಕೂತಳು. ಅವಳ ಕೈಯಲ್ಲಿ ದುರ್ಗಿಯ ಚೀಟಿ ಇತ್ತು. ಒದ್ದೆಯಾದ ಆ ಚೀಟಿಯ ಮೇಲೆ ಗೆರೆ ನೆಟ್ಟಗೆ ಮೇಲಕ್ಕೆ ಹೋಗಿತ್ತು.

ನೀಲವ್ವ ನನ್ನ ಕಡೆ ನೋಡಿ ಮೆಲ್ಲಗೆ ಅಂದಳು:

"ಕಬ್ಬಿಣ ಸಾಲಲಿಲ್ಲೇನೋರಿ, ಸಾವ್ಕಾರ್ರ. ಇನ್ನೊಂದು ಸ್ವಲ್ಪ ದೊಡ್ಡದು ಕಟ್ಟಬೇಕಾಗಿತ್ತು ನಾನು."

"ಏನಂದಳು?" ಎಂದು ಕರೆವ್ವ ನನ್ನನ್ನು ಕೇಳಿದಳು.

"ಎಲ್ಲ ದೇವರ ಇಚ್ಛೆ ಅಂದಳು," ಎಂದೆ.

ಅವತ್ತಿನವರೆಗೆ ನಾನು ಹೇಳಿದ್ದು ಸುಳ್ಳು. ಅವತ್ತು ಮಾಡಿದ್ದು ಪಾಪ. ಆ ಎರಡರ ನಡುವಿನ ಅಂತರ ನನಗೆ ಆ ಕೆಸರಿನಲ್ಲಿ ನಿಂತಾಗಲೇ ಗೊತ್ತಿತ್ತು.

ಕರೆವ್ವ ನಾಗರಪಂಚಮಿಗೆ ಮೊದಲೇ ಊರು ಬಿಟ್ಟಳು. ತನಗೆ ಈ ಕೆಲಸ ಮಾಡುವ ಯೋಗ್ಯತೆ ಇಲ್ಲ ಎಂದು ಹೇಳಿ ಹೋದಳು. ಯಲವಿಗಿ ಸ್ಟೇಷನ್ನಿನಲ್ಲಿ ಆ ಮರದ ಪೆಟ್ಟಿಗೆಯನ್ನು ನಾನೇ ಎತ್ತಿ ಕೊಟ್ಟೆ, ಈ ಸಲ ಬೇಡವೆನ್ನಲಿಲ್ಲ. ನನ್ನ ಹೆಸರು ಬರೆದು ಕಳಿಸಿದಳೋ ಇಲ್ಲವೋ, ನನಗೆ ಯಾವ ಕರೆಯೂ ಬರಲಿಲ್ಲ. ವಿಮಾನವನ್ನು ನಾನು ಇಂದಿಗೂ ಕೆಳಗೆ ನಿಂತೇ ನೋಡುತ್ತೇನೆ. ಎಂಬತ್ತರ ದಶಕದ ನಡುವೆ ಒಮ್ಮೆ ಅವಳ ಪತ್ರ ಬಂತು. ಮದುವೆಯಾಗಿದೆ, ಇಬ್ಬರು ಮಕ್ಕಳಿದ್ದಾರೆ, ದುರ್ಗಿಯ ಚೀಟಿ ಈಗಲೂ ತನ್ನ ಬಳಿ ಇದೆ, ಗೆರೆ ಏರುತ್ತಿದ್ದ ಕೂಸು ಹೇಗೆ ಹೋಯಿತು, ತನ್ನಿಂದ ಎಲ್ಲಿ ತಪ್ಪಾಯಿತು, ನಿನಗೇನಾದರೂ ಗೊತ್ತೇ ಎಂದು ಕೇಳಿದ್ದಳು. ಹೇಳಲು ಅದಕ್ಕಿಂತ ಒಳ್ಳೆಯ ಹೊತ್ತು ಬೇಕೇ? "ನಮ್ಮ ಕಡೆಯ ಹವೆ ಹಾಗೆ, ನೀನು ಮನಸ್ಸಿಗೆ ಹಚ್ಚಿಕೊಳ್ಳಬೇಡ" ಎಂದು ಸೊಗಸಾದ ಇಂಗ್ಲಿಷಿನಲ್ಲಿ ಬರೆದೆ. ಇಂಗ್ಲಿಷ್ ಮಾಸ್ತರನಲ್ಲವೇ! ಅವಳು ಮತ್ತೆ ಬರೆಯಲಿಲ್ಲ.

ಬಂದವಳು ನೀಲವ್ವ. ಅವಳು ಪ್ರತಿವರ್ಷ ಬಂದಳು.

ದುರ್ಗಿ ಹೋದ ಮರುವರ್ಷ ಅವಳು ಗಂಡನ ಜೊತೆ ಸವಣೂರಿಗೆ ಹೋಗಿ, ಎಲೆಬಳ್ಳಿಯ ತೋಟದಲ್ಲಿ ಕೆಲಸಕ್ಕೆ ಸೇರಿದಳು. ಸವಣೂರಿನ ಎಲೆಯ ರುಚಿ ನಿಮಗೆ ಗೊತ್ತಿದ್ದರೆ ಮುಂದಿನ ಮಾತು ಬೇಡ. ಬಾಯಲ್ಲಿಟ್ಟರೆ ಕರಗುವ ಎಲೆ. ಆ ವರ್ಷ ಮಿರಗ ಕೂಡುವ ಹೊತ್ತಿಗೆ ಒದ್ದೆ ಅರಿವೆಯಲ್ಲಿ ಸುತ್ತಿದ ಒಂದು ಕಟ್ಟು ಎಲೆ ಹಿಡಿದು ನಮ್ಮ ಮನೆಯ ಮೆಟ್ಟಿಲ ಮೇಲೆ ಕೂತಿದ್ದಳು. "ನಿಮಗಂತ ತಂದೇನ್ರಿ," ಎಂದಳು. ತೆಗೆದುಕೊಂಡೆ. ಮುಂದಿನ ವರ್ಷವೂ ಬಂದಳು. ನನಗೆ ಹಿರೇಕೆರೂರಿನ ಸಾಲೆಯಲ್ಲಿ ನೌಕರಿಯಾಯಿತು. ಎರಡು ಬಸ್ಸು ಬದಲಿಸಿ ಅಲ್ಲಿಗೂ ಬಂದಳು, ಸಾವ್ಕಾರ್ರು ಹೋಗಿ ಮಾಸ್ತರ್ರು ಆಗಿದ್ದೆ. ಹಾನಗಲ್ಲಿಗೆ ವರ್ಗವಾಯಿತು. ನಾನು ಯಾವ ಹಾನಗಲ್ಲಿನ ಹೆಸರು ಕೆಡಿಸಿದ್ದೆನೋ ಅಲ್ಲಿಯೇ ಆರು ವರ್ಷ ಉಂಡೆ, ಒಳ್ಳೆಯ ಜನ, ಅಲ್ಲಿಗೂ ಎಲೆ ಬಂತು.

ಯಾಕೆ ತರುತ್ತಾಳೆಂದು ನಾನು ಕೇಳಿರಲಿಲ್ಲ. ನಮ್ಮಾಕೆ ಹೊಸದಾಗಿ ಬಂದವಳು, ಕೇಳಿದಳು. ನಾನು ಒಳಗೆ ಪಡಸಾಲೆಯಲ್ಲಿ ಉತ್ತರಪತ್ರಿಕೆ ತಿದ್ದುತ್ತಿದ್ದೆ.

"ಅಷ್ಟು ದೂರದಿಂದ ಎಲಿ ಹೊತ್ತು ತರ್ತಿ, ಇವರು ಅಂಥಾದ್ದೇನು ಮಾಡ್ಯಾರವಾ ನಿನಗ?"

"ನನ್ನ ಮರ್ಯಾದಿ ಉಳಿಸ್ಯಾರ್ರಿ ಅಕ್ಕಾರ. ನಮ್ಮ ಕೂಸಿಗೆ ಕಬ್ಬಿಣ ಕಟ್ಟಿದ್ದೆ, ಇವರ ಕೈಗೆ ಹತ್ತಿತ್ತು. ಬ್ಯಾರೇದವರಾಗಿದ್ರ ಅಷ್ಟೂ ಮಂದಿ ಮುಂದ ತಗದು ಹಿಡದು, ಆ ಬಿಳೀ ಹೆಣ್ಣುಮಗಳ ಮುಂದ ನನ್ನ ನಗಿಗೀಡ ಮಾಡ್ತಿದ್ರು. ಇವರು ಒಂದು ಮಾತು ಆಡಲಿಲ್ರಿ. ನಮ್ಮಂಥಾವರ ಮರ್ಯಾದಿ ಕಾಯಾವರು ಎಷ್ಟು ಮಂದಿ ಅದಾರ್ರಿ?"

ಕೆಂಪು ಪೆನ್ನು ಕೈಯಲ್ಲೇ ನಿಂತಿತು. ಎದ್ದು ಹೋಗಿ, ಹಾಗಲ್ಲ ನೀಲವ್ವಾ, ಎನ್ನಬೇಕಾಗಿತ್ತು. ಹೇಳಿದರೆ ಅವಳ ಕೈಯಾರೆ ಕಟ್ಟಿದ ಕಬ್ಬಿಣವೇ ಅವಳ ಕೂಸಿನ ಹಾಲು ಕಸಿಯಿತೆಂದು ಅವಳಿಗೆ ಗೊತ್ತಾಗುತ್ತದೆ, ಆ ತಾಯಿಯ ಮೇಲೆ ಇನ್ನೊಂದು ಭಾರ ಯಾಕೆ ಎಂದು ನನಗೆ ನಾನೇ ಹೇಳಿಕೊಂಡೆ. ಕರುಣೆಯಂತೆ ಕಾಣುವ ಅಂಜುಬುರುಕತನ ಅದು. ನನ್ನಂಥ ಓದಿದವರ ಬಳಿ ಅದಕ್ಕೆ ಬರವಿಲ್ಲ. ಹಿತ್ತಲಿಗೆ ಹೋಗಿ ಅವಳು ಹೋಗುವವರೆಗೂ ಅಲ್ಲೇ ನಿಂತೆ. ಮಧ್ಯಾಹ್ನ ಉಂಡ ಮೇಲೆ ಆ ಎಲೆಯನ್ನೇ ಹಾಕಿಕೊಂಡೆ. ನಾಲಿಗೆ ಎಂದಿನಂತೆ ಕೆಂಪಾಯಿತು.

ಹೀಗೆ ನಲವತ್ತಕ್ಕೂ ಹೆಚ್ಚು ಕಟ್ಟು ಎಲೆ ತಿಂದಿದ್ದೇನೆ.

ಹೋದ ವಾರ ಅಂಗನವಾಡಿಯ ಬೆಂಚಿನ ಮೇಲೆ ಕೂತಾಗ ನನಗೆ ತಿಳಿದದ್ದು ಇಷ್ಟೇ. ಆ ಕೆಲಸಕ್ಕೆ ಯಾರ ಮರ್ಯಾದೆಯನ್ನೂ ಕಳೆಯಬೇಕಾಗಿರಲಿಲ್ಲ. "ಇರಲಿ, ತೂಗಿದ ಮ್ಯಾಲ ಮತ್ತ ಕಟ್ಟಿಕೊಳ್ರಿ" ಎಂದರೆ ಮುಗಿಯುತ್ತಿತ್ತು. ಕರೆವ್ವ ನಗುತ್ತಿರಲಿಲ್ಲ. ನಕ್ಕಿದ್ದರೂ, ನೀಲವ್ವ ಒಂದು ದಿನ ನಾಚಿಕೊಂಡು ಹಾಲಿನ ಬಟ್ಟಲು ಹಿಡಿದು ಮನೆಗೆ ಹೋಗುತ್ತಿದ್ದಳು.

ಮಿರಗ ಕೂಡಿತ್ತು. ನಿನ್ನೆ ನೀಲವ್ವ ಬಂದಳು. ತಲೆ ಪೂರ್ತಿ ಬೆಳ್ಳಗಾಗಿದೆ, ಮೊಣಕಾಲು ಹಿಡಿದುಕೊಂಡು ನಡೆಯುತ್ತಾಳೆ. ಆದರೂ ಬಸ್ ಸ್ಟ್ಯಾಂಡಿನಿಂದ ನಡೆದೇ ಬಂದಿದ್ದಳು. ಕಟ್ಟನ್ನು ಮೆಟ್ಟಿಲ ಮೇಲೆ ಇಟ್ಟು, ಪಕ್ಕದಲ್ಲಿ ತಾನು ಕೂರಲು ಹೊರಟಳು.

"ಮ್ಯಾಲ ಬರ್ರಿ ನೀಲವ್ವಾ," ಎಂದೆ. "ಕುರ್ಚಿ ಮ್ಯಾಲ ಕುಂದರ್ರಿ."

"ಇದೇನ್ರಿ ಮಾಸ್ತರ್ರ, ಇವತ್ತ ಹೊಸಾದು?" ಎಂದು ನಕ್ಕಳು, ಮೆಟ್ಟಿಲ ಮೇಲೆಯೇ ಕೂತಳು. ನಾನೂ ಅವಳ ಪಕ್ಕದ ಮೆಟ್ಟಿಲಿಗೆ ಇಳಿದು ಕೂತೆ. ಆಗ ನಗು ನಿಲ್ಲಿಸಿದಳು.

ಹೇಳಿದೆ. ಸುತ್ತು ಬಳಸದೆ, ನಿಮಗೆ ಹೇಳಿದ್ದಕ್ಕಿಂತ ಚಿಕ್ಕದಾಗಿ ಹೇಳಿದೆ. ಅವಳು ಸೆರಗಿನ ತುದಿ ಸುರುಳಿ ಸುತ್ತುತ್ತ ಕೇಳಿದಳು.

"ಅಂದ್ರ ಕಬ್ಬಿಣದ ತೂಕಾನೂ ಕೂಡಿ ಬಂದಿತ್ತೇನ್ರಿ?"

"ಹೌದ್ರಿ."

"ಅದಕ್ಕ ಹಾಲು ನಿಂತಿತು."

"ಹೌದ್ರಿ. ತಪ್ಪು ನಿಮ್ಮದಲ್ಲ. ನಿಮಗ ಗೊತ್ತಿರಲಿಲ್ಲ. ನನಗ ಗೊತ್ತಿತ್ತು."

"ನೀವು ಹೇಳಿದ್ರ ಆ ಕರೆವ್ವ ಹಾಲು ಕೊಡ್ತಿದ್ದಳೇನ್ರಿ?"

"ಕೊಡ್ತಿದ್ದಳು."

ಎದುರಿನ ಅಂಗನವಾಡಿಯಲ್ಲಿ ಮಕ್ಕಳು ಊಟಕ್ಕೆ ಸಾಲಾಗಿ ಕೂರುತ್ತಿದ್ದರು. ನೀಲವ್ವ ಅವರನ್ನು ನೋಡಿದಳು.

"ಆಕಿ ಎಲುವು ನನ್ನ ಕೈಗೆ ಹತ್ತತಿದ್ದವು ಮಾಸ್ತರ್ರ," ಎಂದಳು. "ದಿನಾ ಮುಟ್ಟಿ ನೋಡತಿದ್ದೆ. ಆದ್ರೂ ಕಲಿತಾವರು ಹೇಳ್ಯಾರ, ದಪ್ಪ ಆಗೇತಿ ಅಂದಾರ ಅಂತ, ನನ್ನ ಕೈ ಸುಳ್ಳು ಅಂದುಕೊಂಡೆ."

ನಮ್ಮಾಕೆ ಚಹಾ ತಂದಳು. ನೀಲವ್ವ ಕೈ ಚಾಚಲಿಲ್ಲ. ಮೊಣಕಾಲಿಗೆ ಕೈ ಊರಿ ಎದ್ದಳು. ಬಗ್ಗಿ, ಮೆಟ್ಟಿಲ ಮೇಲಿನ ಎಲೆಯ ಕಟ್ಟನ್ನು ಎತ್ತಿಕೊಂಡಳು. ಅರಿವೆಯ ನೀರು ಹಿಂಡಿ, ಸರಿಯಾಗಿ ಸುತ್ತಿ, ತನ್ನ ಚೀಲದೊಳಗೆ ಇಟ್ಟುಕೊಂಡು, ಬಂದ ದಾರಿಯಲ್ಲೇ ಬಸ್ ಸ್ಟ್ಯಾಂಡಿನ ಕಡೆಗೆ ನಡೆದಳು.

"ಎಲಿ ತಿರುಗಿ ಒಯ್ದಳಲ್ರೀ!" ಎಂದಳು ನಮ್ಮಾಕೆ.

"ಒಯ್ಯಲಿ," ಎಂದೆ.

ರಾತ್ರಿ ಊಟವಾದ ಮೇಲೆ ರೂಢಿಯಂತೆ ಕೈ ಅಡಿಕೆ ಡಬ್ಬಿಗೆ ಹೋಯಿತು. ಅಡಿಕೆ ಇತ್ತು, ಸುಣ್ಣ ಇತ್ತು. ಪ್ಯಾಟಿಯಿಂದ ನಾಲ್ಕು ಎಲೆ ತರಿಸಲೇನು ಎಂದು ನಮ್ಮಾಕೆ ಕೇಳಿದಳು. ಬ್ಯಾಡ ಎಂದು ಡಬ್ಬಿ ಮುಚ್ಚಿದೆ.